ಶಬಾನಾಳ ಹೆಸರಿನ ಮುದ್ರೆ

ಚೀನಾದವರು ಕಲ್ಲಿನಲ್ಲಿ ಹೆಸರು ಕೊರೆದು, ಕೆಂಪು ಮಸಿ ಹಚ್ಚಿ, ಚಿತ್ರದ ಮೂಲೆಯಲ್ಲಿ ಮುದ್ರೆ ಒತ್ತುತ್ತಾರೆ. ಆ ಕಲೆಯನ್ನು ಶಿರಾದ ಹೈಸ್ಕೂಲು ಹುಡುಗಿಯರಿಗೆ ಬಳಪದ ಕಲ್ಲಿನಲ್ಲಿ ಕಲಿಸಲು ಹೋಗಿದ್ದೆ. ಮೊದಲು ನಾನೇ ಶಬಾನಾ ಎಂಬ ಹುಡುಗಿಯ ಹೆಸರು ಕೊರೆದು ತೋರಿಸಿದೆ. ಕಾಗದದ ಮೇಲೆ ಒತ್ತಿದರೆ ಅಕ್ಷರಗಳೆಲ್ಲ ತಿರುಗುಮುರುಗು! ಗಡಿಬಿಡಿಯಲ್ಲಿ ತಿರುಗಿಸಿ ಬರೆಯುವುದನ್ನೇ ಮರೆತಿದ್ದೆ. ಇಡೀ ಕ್ಲಾಸು ನಕ್ಕಿತು.

ಮೊಮ್ಮಗಳಿಗೆ ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದ ಶಬಾನಾಳ ಅಜ್ಜ, "ಉಲ್ಟಾ ಕೊರೀಬೇಕು ಟೀಚರಮ್ಮ, ಆಗ ಸೀದಾ ಬರ್ತದೆ" ಅಂದರು. ತಾಲ್ಲೂಕು ಕಚೇರಿ ಎದುರು ಕೂತು ಆಯಸ್ಸೆಲ್ಲ ರಬ್ಬರ್ ಸೀಲು ಕೊರೆದವರಂತೆ. ಕಂಪ್ಯೂಟರ್ ಬಂದ ಮೇಲೆ ಉಳಿ ಮುಟ್ಟಿರಲಿಲ್ಲ.

ನಾಚಿಕೆಯಾದರೂ ಉಳಿಯನ್ನೂ ಹೊಸದೊಂದು ಕಲ್ಲನ್ನೂ ಅವರಿಗೇ ಕೊಟ್ಟೆ. ಮೊದಲು ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಗೆರೆ ಹಾಕದೆ, ಕನ್ನಡಿ ನೋಡದೆ ಮೊಮ್ಮಗಳ ಹೆಸರು ಕೊರೆದುಬಿಟ್ಟರು. ಕೊನೆಯಲ್ಲಿ ಮಾತ್ರ ಉಳಿ ಜಾರಿ ಕಲ್ಲಿನ ಅಂಚು ಮುರಿಯಿತು.

"ಹಾಳಾಗ್ಬುಡ್ತು. ಇಂಥದ್ದು ಕೊಟ್ಟಿದ್ರೆ ಸಾಹೇಬ್ರು ಮುಖಕ್ಕೆ ಎಸೀತಿದ್ರು" ಎಂದು ಪೆಚ್ಚಾದರು.

"ಚೀನಾದಲ್ಲಿ ಇಂಥ ಮುರುಕು ಅಂಚನ್ನೇ ಚೆಂದ ಅಂತಾರೆ" ಅಂದೆ.

"ಹಂಗಾದ್ರೆ ನಾನು ತಪ್ಪು ಊರಲ್ಲಿ ಅಂಗಡಿ ಇಟ್ಕೊಂಡಿದ್ದೆ ಬುಡಿ!" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಆಫೀಸರ ಹೆಸ್ರು ಸಾವಿರ ಕೊರ್ದಿವ್ನಿ. ನಮ್ಮನೆ ಹೆಸ್ರು ಇದೇ ಮೊದ್ಲು" ಅಂದರು. ಶಬಾನಾ ಆ ಕಲ್ಲನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡದ್ದು ಈಗಲೂ ಕಣ್ಣ ಮುಂದಿದೆ.

ಮಧ್ಯಾಹ್ನದ ಪಾಠವನ್ನು ಅಜ್ಜನಿಗೇ ಬಿಟ್ಟೆ. ಎಷ್ಟು ಚೆನ್ನಾಗಿ ಕಲಿಸಿದರೆಂದರೆ, ಮರುದಿನ ಬಂದ ಮೂರು ರಜಾಚೀಟಿಗಳ ಮೇಲೂ ಹೆಡ್‌ಮಾಸ್ಟರ ಸೀಲು ಬಿದ್ದಿತ್ತು. ಹೆಡ್‌ಮಾಸ್ಟರು ಮಾತ್ರ ಒಂದನ್ನೂ ಒತ್ತಿರಲಿಲ್ಲ.