ನಾನ್ ರಿಯಾಕ್ಟಿವ್

ಕಳೆದ ವಾರ ಮಗಳಿಗೆ ಜ್ವರ. ರಕ್ತ ತೆಗೆಯುವ ಮುನ್ನ ಅವಳ ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿದರು. ಆ ವಾಸನೆಗೆ ತಾಲ್ಲೂಕು ಆಸ್ಪತ್ರೆಯ ಹಿಂಬದಿಯ ಒಂದು ಕೋಣೆ ನೆನಪಾಯಿತು. ನೀಲಿ ಪರದೆ... ಹಸಿರೂ ಇರಬಹುದು. ಪರದೆಯ ಹಿಂದೆ ಕೂರುತ್ತಿದ್ದ ಕೌನ್ಸೆಲರ್ ಅಕ್ಕ.

ಆಗ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕಟ್ಟುತ್ತಿದ್ದರು. ನಾನು ಕಂಟ್ರಾಕ್ಟರೊಬ್ಬರ ಜೀಪು ಓಡಿಸುತ್ತಿದ್ದೆ. ಬೂದಿಗೆರೆ ಕಡೆಯ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಒಂದು ಸಂಜೆ ಜೊತೆಯ ಡ್ರೈವರುಗಳೊಂದಿಗೆ ಲಾಡ್ಜಿಗೆ ಹೋದೆ. 'ಅವರು ಕರೆದುಕೊಂಡು ಹೋದರು' ಎಂದು ಮೊದಲು ಬರೆದಿದ್ದೆ; ಹೊಡೆದುಹಾಕಿದ್ದೇನೆ. ಹೋದದ್ದು ನಾನೇ. ಕಾಂಡೋಮ್ ಬಳಸಲಿಲ್ಲ. ಆಮೇಲೆ ಗಂಟಲು ಕೆರೆದರೂ ಎಚ್‌ಐವಿ, ಬೆವರಿದರೂ ಎಚ್‌ಐವಿ ಅನ್ನಿಸತೊಡಗಿತು. ಹುಡುಗಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಮೂರು ವಾರ ಒದ್ದಾಡಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟೆ. ರಿಪೋರ್ಟ್ ಬಂದಾಗ ಅಕ್ಕ ಚೀಟಿ ನೋಡಿ, ಮೆತ್ತಗೆ, "ನಾನ್ ರಿಯಾಕ್ಟಿವ್ ಕಣಪ್ಪ" ಅಂದರು.

ನನಗೆ ಕೇಳಿಸಿದ್ದು 'ನಾನು ರಿಯಾಕ್ಟಿವ್' ಎಂದು. ಈಯಮ್ಮ ತಮ್ಮ ಕಾಯಿಲೆಯನ್ನು ನನಗ್ಯಾಕೆ ಹೇಳುತ್ತಿದ್ದಾರೆ?

"ಅಯ್ಯೋ, ನಿಮಗೂನಾ ಅಕ್ಕ?" ಅಂದುಬಿಟ್ಟೆ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ 'ನಾನ್' ಇಂಗ್ಲಿಷಿನದು, ಸೋಂಕು ಕಾಣಿಸಿಲ್ಲ ಎಂದು ಅರ್ಥ ಎಂದರು. ಆದರೆ ಸೋಂಕು ತಗುಲಿದ್ದರೂ ಇಷ್ಟು ಬೇಗ ಪರೀಕ್ಷೆಯಲ್ಲಿ ಸಿಗದೇ ಇರಬಹುದು. ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ನೋಡಿದರೇ ನಿಶ್ಚಿಂತೆ. ಹಾಗಾದರೆ ಮದುವೆ? ಎಂದು ಕೇಳಿದೆ.

"ಆಷಾಢ ಬರ್ತಾ ಇದೆಯಲ್ಲ. ಅದು ಕಳೆದು ಶ್ರಾವಣದ ಕೊನೇಲಿ ಇಟ್ಕೊಳ್ಳೋಣ ಅನ್ನು. ಯಾರೂ ಯಾಕೆ ಅಂತ ಕೇಳಲ್ಲ."

ತಮ್ಮ ಲೋಟದ ಟೀಯನ್ನು ಬೈಟು ಮಾಡಿ, ಅರ್ಧವನ್ನು ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟರು. ಮುಟ್ಟಿದರೆ, ಒಟ್ಟಿಗೆ ಉಂಡರೆ, ಲೋಟ ಹಂಚಿಕೊಂಡರೆ ಇದು ಬರುವುದಿಲ್ಲ ಎಂದು ಹೇಳಿಕೊಟ್ಟದ್ದೂ ಆಗಲೇ. ಕುಡಿದೆ.

ಶ್ರಾವಣದಲ್ಲಿ, ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಹೋದೆ. ಮತ್ತೆ ನಾನ್ ರಿಯಾಕ್ಟಿವ್. ಈ ಸಲ ಸರಿಯಾಗಿ ಕೇಳಿಸಿತು. ಖುಷಿಗೆ ಬಾಯಿ ಸಡಿಲವಾಗಿ, ಅವತ್ತು ಕಾಯಿಲೆ ನಿಮಗೇ ಇದೆ ಅಂದ್ಕೊಂಡಿದ್ದೆ ನೋಡಿ ಎಂದು ನಗುತ್ತಾ ಅಂದೆ.

ಟೀ ಬಗ್ಗಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ನೀನು ಕೇಳಿಸ್ಕೊಂಡಿದ್ದೂ ಸುಳ್ಳಲ್ಲ ಬಿಡಪ್ಪ. ಆರು ವರ್ಷ ಆಯ್ತು. ಮಾತ್ರೆ ತಗೋತೀನಿ, ಚೆನ್ನಾಗೇ ಇದೀನಿ. ತಗೋ, ಆರೋಗತ್ತೆ."

ಆ ಹುಡುಗಿಯೇ ಈಗ ನನ್ನ ಹೆಂಡತಿ. ಎಷ್ಟೋ ವರ್ಷದ ಮೇಲೆ ಅವಳಿಗೆ ಎಲ್ಲ ಹೇಳಿದಾಗ, ಟೀ ಕುಡಿದು ಎದ್ದು ಬಂದೆ ಎಂದೇ ಮುಗಿಸಿದ್ದೆ. ನಾನೂ ಅದನ್ನೇ ನಂಬಿಕೊಂಡಿದ್ದೆ... ಸ್ಪಿರಿಟ್ ವಾಸನೆ ಬೇರೆಯದನ್ನೇ ತಂದಿತು. ಸಾಹೇಬರು ಕಾಯ್ತಿದಾರೆ ಅಂದು ಎದ್ದಿದ್ದೆ. ಯಾವ ಸಾಹೇಬರೂ ಕಾಯುತ್ತಿರಲಿಲ್ಲ.

ಮೊನ್ನೆ ಆ ಆಸ್ಪತ್ರೆಗೆ ಹೋಗಿದ್ದೆ. ಕೋಣೆಯಲ್ಲಿ ಮುರಿದ ಮಂಚಗಳನ್ನು ಪೇರಿಸಿದ್ದಾರೆ. ಅಕ್ಕನಿಗೆ ಎಂದೋ ವರ್ಗವಾಯಿತಂತೆ, ಎಲ್ಲಿಗೆಂದು ಗೊತ್ತಿರುವವರಿಲ್ಲ. ನಾನು ಮುಟ್ಟದೆ ಬಿಟ್ಟುಬಂದ ಆ ಅರ್ಧ ಟೀಯನ್ನು ಅವರೇ ಕುಡಿದರೋ, ಚೆಲ್ಲಿದರೋ... ಯಾರನ್ನು ಕೇಳಲಿ.