ಒಳಗೆ ಹೋದವರ ಲೆಕ್ಕ

ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ನಮ್ಮಲ್ಲಿ ಕಾರ್ಖಾನೆಯದೇ ಅಗ್ನಿಶಾಮಕ ತಂಡವಿದೆ. ವರ್ಷಕ್ಕೊಮ್ಮೆ, ಹಿಂಭಾಗದ ಖಾಲಿ ಜಾಗದಲ್ಲಿರುವ ಹಳೆಯ ಕಂಟೇನರಿನೊಳಗೆ ನಿಜವಾದ ಬೆಂಕಿ ಹಚ್ಚಿ ಅವರಿಗೆ ತರಬೇತಿ ಕೊಡಿಸುತ್ತೇವೆ. ಕಲಿಸುವವರು ಅಗ್ನಿಶಾಮಕ ಇಲಾಖೆಯಿಂದ ನಿವೃತ್ತರಾದ ಒಬ್ಬರು. ಹುಲ್ಲು, ಒಣ ಹಲಗೆ ಬಿಟ್ಟು ಬೇರೇನನ್ನೂ ಸುಡಬಾರದು ಎಂಬುದು ಅವರ ನಿಯಮ.

ಆ ವರ್ಷ ನೋಡಲು ಮ್ಯಾನೇಜರುಗಳು ಬಂದಿದ್ದರು. ಹೊಗೆ ಸಾಲದು ಎಂದು ಯಾರೋ ಹಳೆಯ ಸೋಫಾದ ಫೋಮ್ ಎರಡು ತುಂಡು ಒಳಗಿಟ್ಟರು. ‘ಯಾರೋ’ ಎಂದು ಬರೆಯುವಾಗಲೇ ಅನುಮಾನ: ಇಡಲೇ ಎಂದು ಕೇಳಿದಾಗ ನಾನೇ ಹೂಂ ಎಂದು ತಲೆಯಾಡಿಸಿದ್ದೆನೇ? ಗೊತ್ತಿಲ್ಲ.

ನಾಲ್ವರು ಗಾಳಿಯ ಸಿಲಿಂಡರ್ ಹೊತ್ತು ಒಳಗೆ ಹೋದರು. ಐದನೆಯವನು ನೀರಿನ ಪೈಪ್ ಹಿಡಿದು ಬಾಗಿಲಲ್ಲೇ ನಿಂತ. ಒಳಹೋದವರನ್ನೂ ಹೊರಬಂದವರನ್ನೂ ಎಣಿಸುವುದು ನನ್ನ ಕೆಲಸ. ಫೋಮ್ ಹತ್ತಿಕೊಂಡದ್ದೇ ಕಪ್ಪು ಹೊಗೆ ನುಗ್ಗಿ ಬಂತು. ತರಬೇತುದಾರರು ಹಾರ್ನ್ ಒತ್ತಿ ಎಲ್ಲರನ್ನೂ ಹೊರಗೆ ಕರೆದರು. ಒಂದೇ ಥರದ ಹೆಲ್ಮೆಟ್, ಒಂದೇ ಥರದ ಮುಖವಾಡ. ನಾಲ್ಕು ಎಣಿಸಿದೆ. ಬಾಗಿಲಲ್ಲಿದ್ದವನನ್ನೂ ಸೇರಿಸಿ ಎಣಿಸಿದ್ದೆ.

ಮುಂದಿನದು ನನಗೆ ನೆನಪಿದ್ದದ್ದು ಹೀಗೆ: ತಕ್ಷಣ ಅನುಮಾನ ಬಂತು, “ಒಬ್ಬ ಕಮ್ಮಿ ಇದಾನೆ ಸಾರ್” ಎಂದೆ. ತರಬೇತುದಾರರು ಕತ್ತಿನಲ್ಲಿದ್ದ ಮುಖವಾಡ ಏರಿಸಿ, ಬಾಗಿಲಲ್ಲಿದ್ದವನ ಜೊತೆ ನುಗ್ಗಿ, ಮೂಲೆಯಲ್ಲಿ ಗೋಡೆ ತಡವುತ್ತಿದ್ದ ಒಬ್ಬನನ್ನು ಎಳೆದು ತಂದರು. ಕೈ ಸುಟ್ಟಿತ್ತು, ಜೀವ ಉಳಿಯಿತು.

ವರದಿಯಲ್ಲೂ ಹೀಗೇ ಬರೆದೆ. ಆದರೆ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನಿಗೆ ಪುರಾವೆಯಿಲ್ಲದೆ ಸಹಿ ಹಾಕಲು ಮನಸ್ಸಾಗುವುದಿಲ್ಲ. ಒಬ್ಬ ಮ್ಯಾನೇಜರ್ ಫೋನಿನಲ್ಲಿ ತೆಗೆದಿದ್ದ ವಿಡಿಯೊ ತರಿಸಿ ನೋಡಿದೆ.

“ಎಲ್ಲಾ ಬಂದ್ರೇನ್ರೀ?” ತರಬೇತುದಾರರ ದನಿ.

“ಬಂದ್ರು ಸಾರ್.” ಅದು ನನ್ನದು.

“ಲೆಕ್ಕ ಹಾಕಿದ್ರಾ, ಸುಮ್ನೆ ಹೇಳ್ತಿದೀರಾ?”

“ನಾಲ್ಕು ಜನಾನೂ ಬಂದ್ರು ಸಾರ್.”

ಅವರು ನನ್ನನ್ನು ಬಿಟ್ಟು, ತಾವೇ ಒಬ್ಬೊಬ್ಬರ ಹೆಗಲು ಮುಟ್ಟಿ ಎಣಿಸಿ, ಓಡಿದರು. ನನ್ನ ಅನುಮಾನ ವಿಡಿಯೊದಲ್ಲಿ ಎಲ್ಲೂ ಇರಲಿಲ್ಲ. ಮೂರು ಸಲ ನೋಡಿದೆ. ವರದಿ ಹರಿದು ಮತ್ತೆ ಬರೆದೆ.

ಈಗ ಫೋಮ್ ಇಲ್ಲ, ನೋಡಲು ಬರುವವರೂ ಇಲ್ಲ. ಒಳಗೆ ಹೋಗುವವರು ಕೊರಳಿನ ಐಡಿ ಕಾರ್ಡ್ ಬಾಗಿಲಲ್ಲಿ ಕೊಟ್ಟು ಹೋಗಬೇಕು. ಹೊರಬಂದವರು ತಮ್ಮ ಕಾರ್ಡ್ ತಾವೇ ಕೇಳಿ ಪಡೆಯಬೇಕು. ಕಾರ್ಡ್ ಉಳಿದಿದ್ದರೆ ಮನುಷ್ಯ ಒಳಗಿದ್ದಾನೆ. ಯಾರ ತಲೆಯನ್ನೂ ನಂಬಬೇಕಿಲ್ಲ.

ಮುಂದಿನ ವರ್ಷ, ಕೈ ಸುಟ್ಟುಕೊಂಡಿದ್ದವನು ಮತ್ತೆ ಸಾಲಿನಲ್ಲಿ ನಿಂತಿದ್ದ. ಮೂವರ ಕಾರ್ಡ್ ಆಗಲೇ ನನ್ನ ಕೈಯಲ್ಲಿದ್ದವು. ಅವನು ಮಾತ್ರ ತನ್ನದನ್ನು ಬಿಡಲಿಲ್ಲ.

“ನೀವಾ ಸಾರ್ ಇಟ್ಕೊಳೋದು?”

“ಹೂಂ. ಯಾಕೆ?”

“ಬೇಜಾರ್ ಮಾಡ್ಕೋಬೇಡಿ ಸಾರ್. ನೀವಿದ್ರೆ ನಾನು ಒಳಗೋಗಲ್ಲ.”

“ಲೇ ಮಗಾ, ಕೇಳ್ತಿರೋದು ಕಾರ್ಡು, ಕಿಡ್ನಿ ಅಲ್ಲ, ಕೊಡೋ,” ಎಂದ ಹಿಂದೆ ಪೈಪ್ ಹಿಡಿದು ನಿಂತಿದ್ದವನು. ಇವನು ನಗಲಿಲ್ಲ.

ಕಾರ್ಡ್ ಯಾರ ಕೈಯಲ್ಲಿದ್ದರೂ ಲೆಕ್ಕ ಒಂದೇ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಮೂರೂ ಕಾರ್ಡುಗಳನ್ನು ತರಬೇತುದಾರರಿಗೆ ಕೊಟ್ಟು ಹಿಂದೆ ಸರಿದೆ. ಅವನು ತನ್ನದನ್ನು ಅವರ ಕೈಗಿಟ್ಟ, ಮುಖವಾಡ ಬಿಗಿದುಕೊಂಡ, ಒಳಗೆ ಹೋದ.