ಪೋಳಿ ಬರುತ್ತಾ ಎಂದು ಕೇಳಿದರು

ಅಕ್ಕ ಬಾಲ್ಕನಿಯಲ್ಲಿ ಜಾರಿ ಬಿದ್ದಳು. ಬಲಗೈ ಊರಿದಳು. ಮಣಿಕಟ್ಟು ಸೊಟ್ಟಗಾಗಿತ್ತು. "ಏನೂ ಆಗಿಲ್ಲ, ಒಂಚೂರು ಎಣ್ಣಿ ಹಚ್ಚು" ಎಂದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಎಕ್ಸ್‌ರೇ, ಆಪರೇಷನ್, ಒಳಗೆ ಪ್ಲೇಟು. ಪುಣೆಯ ಮನೆಯಲ್ಲಿ ನಾವಿಬ್ಬರೇ. ಅವಳು ಧಾರವಾಡದಿಂದ ಬಂದು ಇನ್ನೂ ವರ್ಷವಾಗಿಲ್ಲ, ಮರಾಠಿ ಅಷ್ಟಕ್ಕಷ್ಟೇ. ಸ್ನಾನ ಮಾಡಿಸುವುದು, ಅನ್ನ ಕಲಸಿಕೊಡುವುದು, ನಡುನಡುವೆ ನನ್ನ ಕೆಲಸ. ಒಂದು ಕಡೆ ಕೂರಲಾಗುತ್ತಿರಲಿಲ್ಲ.

ಕೆಲಸವೋ, ಹಿಂಜವಾಡಿಯ ಕಂಪನಿಯೊಂದಕ್ಕೆ ಡಾಕ್ಟರುಗಳು ಬರೆದ ಸಂಶೋಧನಾ ಲೇಖನಗಳ ಇಂಗ್ಲಿಷ್ ತಿದ್ದುವುದು. ಮಣಿಕಟ್ಟಿನ ಆಪರೇಷನ್ ಬಗ್ಗೆಯೇ ಎಷ್ಟೋ ತಿದ್ದಿದ್ದೇನೆ. ಕೆಲವು ದೇಶದವರು ಎಕ್ಸ್‌ರೇಯ ಕೋನಗಳನ್ನಷ್ಟೇ ಬರೆಯುತ್ತಾರೆ, ರೋಗಿಯ ಮಾತೇ ಇರುವುದಿಲ್ಲ. ಕೆಲವರು ಚಾಕುವಿನಿಂದ ಹೆಚ್ಚಬಲ್ಲಿರಾ, ಬಾಟಲಿ ಮುಚ್ಚಳ ತಿರುಗಿಸಬಲ್ಲಿರಾ ಎಂದು ರೋಗಿಯನ್ನೇ ಕೇಳಿ ಅಂಕ ಹಾಕುತ್ತಾರೆ. ನಮ್ಮ ಕಡೆಯಿಂದ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಾಗಿ ಎಕ್ಸಲೆಂಟ್, ಗುಡ್ ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ. ನಾನೂ ಕಾಮಾ ಸರಿಮಾಡಿ ಕಳಿಸುತ್ತಿದ್ದೆ. ಆ ಅಂಕದ ಹಿಂದೆ ಯಾರೋ ಒಬ್ಬಳು ಕೂತಿರುತ್ತಾಳೆಂದು ಒಂದು ದಿನವೂ ಹೊಳೆದಿರಲಿಲ್ಲ.

ಮೂರನೇ ತಿಂಗಳ ಚೆಕಪ್. ಫಿಸಿಯೋಥೆರಪಿಸ್ಟ್ ಅಕ್ಕನನ್ನು ಒಳಗೆ ಕರೆದು ಮರಾಠಿಯಲ್ಲಿ ಪ್ರಶ್ನೆ ಕೇಳಿ ಫಾರ್ಮ್ ತುಂಬಿದರು. ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಮರಳಿ ಬಂದಾಗ ಡಾಕ್ಟರು ಹುಬ್ಬು ಗಂಟಿಕ್ಕಿ ಕೂತಿದ್ದರು. ಎಕ್ಸ್‌ರೇ ಚೆನ್ನಾಗಿದೆ, ಆದರೆ ಸ್ಕೋರ್ ತೀರಾ ಕಡಿಮೆ, ಪ್ಲೇಟು ತಾಗುತ್ತಿರಬಹುದು, ತೆಗೆಯಬೇಕಾಗಬಹುದು ಎಂದರು.

ಇನ್ನೊಂದು ಆಪರೇಷನ್.

ಮೊದಲ ಸಲ ಅಕ್ಕನಿಗೆ ಎಚ್ಚರವಾಗಲು ತಡವಾಗಿ, ನಾನು ಕಾರಿಡಾರಿನಲ್ಲಿ ಹುಚ್ಚಿಯಂತೆ ಓಡಾಡಿದ್ದೆ. ಮತ್ತೆ ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಫಾರ್ಮ್ ಕೇಳಿ ತೆಗೆದುಕೊಂಡೆ. ಚಾಕುವಿನಿಂದ ಹೆಚ್ಚುವುದು: ಆಗುವುದಿಲ್ಲ. ಚಪಾತಿ ಮಾಡುವುದು: ಆಗುವುದಿಲ್ಲ.

"ಅಕ್ಕಾ, ನಿನ್ನೆನ ಚಪಾತಿ ಲಟ್ಟಿಸಿದೆಲ್ಲ?"

"ಹೌದು. ಆದ್ರ ಅವರು ಕೇಳಿದ್ದು ಹೋಳಿಗಿ ಅಲ್ಲೇನು? ಹಬ್ಬ ಇಲ್ದ ಹೋಳಿಗಿ ಯಾರು ಮಾಡ್ತಾರ? ನಾಹಿ ಅಂದೆ."

ಥೆರಪಿಸ್ಟ್ ಕೇಳಿದ್ದು ಪೋಳಿ. ಪುಣೆಯಲ್ಲಿ ಪೋಳಿ ಎಂದರೆ ಚಪಾತಿ.

"ಮತ್ತ ಚಾಕು?"

"ನಾ ಯಾವಾಗ ಚಾಕು ಹಿಡದೇನಿ? ಈಳಿಗಿ ಮ್ಯಾಲ ಹೆಚ್ಚತೀನಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರಿಗೆ ಮರಾಠಿಯಲ್ಲಿ ಹೇಳುವಾಗ ನನ್ನ ದನಿ ಏರಿತ್ತು. ಪಾಪ, ಅವರು ಸಿಟ್ಟಾಗಲಿಲ್ಲ. ಫಾರ್ಮ್ ಬದಿಗಿಟ್ಟು, ಕುರ್ಚಿಯನ್ನು ಅಕ್ಕನ ಕಡೆಗೆ ಎಳೆದುಕೊಂಡರು. ನಿಜವಾಗಿ ಏನು ಮಾಡಲು ಆಗುತ್ತಿಲ್ಲ, ಅವರನ್ನೇ ಕೇಳಿ ಹೇಳಿ ಎಂದರು. ಕೇಳಿದೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಅವರತ್ತ ತಿರುಗಿದಳು.

"ಹೆರಳ ಹಾಕ್ಕೊಳ್ಳಾಕ ಆಗವಲ್ದರಿ. ಇಕಿ ಹಾಕ್ತಾಳ. ಭಾಳ ಜಗ್ಗತಾಳ್ರಿ. ಕೆಲಸದ ಅವಸರದಾಗ ಇರ್ತಾಳ ಅಂತ ಸುಮ್ಮನ ಕೂಡ್ತೀನಿ."

ಅದನ್ನು ಮರಾಠಿಯಲ್ಲಿ ಹೇಳಬೇಕಾದವಳು ನಾನೇ. ಹೇಳಿದೆ. ಒಂದು ಶಬ್ದವನ್ನೂ ಬದಲಿಸಲಿಲ್ಲ. ನಾಚಿಕೆಯಾಯಿತು.

ಸದ್ಯಕ್ಕೆ ಆಪರೇಷನ್ ಬೇಡ ಎಂದಿದ್ದಾರೆ. ಕೈ ಹಿಂದಕ್ಕೆ ಒಯ್ಯುವ ವ್ಯಾಯಾಮ ನಡೆದಿದೆ. ದೇವರು ದೊಡ್ಡವನು ಎನ್ನಲು ಇನ್ನೂ ಧೈರ್ಯವಿಲ್ಲ. ಹೆರಳು ಈಗಲೂ ನಾನೇ ಹಾಕುತ್ತೇನೆ, ಲ್ಯಾಪ್‌ಟಾಪ್ ಮುಚ್ಚಿಟ್ಟು, ನಿಧಾನವಾಗಿ. ನೋವಾತೇನು ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾಳೆ. ಇನ್ನೊಮ್ಮೆ ಕೇಳುತ್ತೇನೆ.